ರಥ ನಿಂತಿಲ್ಲ, ವಿಡಿಯೊ ನಿಂತಿದೆ: ಬ್ರೌಸರ್‌ನಲ್ಲಿ ನೇರ ಪ್ರಸಾರ ಕೈಕೊಟ್ಟಾಗ

ಹೋಳಿ ಹುಣ್ಣಿಮೆಯಾಗಿ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವ. ಆ ಸಂಜೆ ಊರಲ್ಲಿದ್ದವರು ಗುಡಿಯ ಸುತ್ತ ಇರುತ್ತಾರೆ, ಊರು ಬಿಟ್ಟವರು ಪರದೆಯ ಮುಂದೆ ಇರುತ್ತಾರೆ. ನಮ್ಮ ಸೋದರತ್ತೆ ಇರುವುದು ಪುಣೆಯಲ್ಲಿ. ಒಂದು ವರ್ಷ ರಥ ಎಳೆಯುವ ಹೊತ್ತಿಗೆ ಸರಿಯಾಗಿ ಅವರ ಕರೆ ಬಂದಿತು: "ಏನಪ್ಪಾ, ರಥ ನಿಂತೇಬಿಟ್ಟಿದೆಯಲ್ಲ, ಏನಾದರೂ ಅಡ್ಡಿ ಬಂದಿತೇ?" ನಾನು ಮಾಳಿಗೆಯ ಮೇಲಿದ್ದೆ. ಜನರ ಕೂಗು ಅಲ್ಲಿಗೂ ಕೇಳುತ್ತಿತ್ತು. ರಥ ಚೆನ್ನಾಗಿಯೇ ಉರುಳುತ್ತಿತ್ತು. ನಿಂತಿದ್ದದ್ದು ಅತ್ತೆಯ ಲ್ಯಾಪ್‌ಟಾಪಿನ ವಿಡಿಯೊ. ಅದರ ನಡುವೆ ಒಂದು ಚಕ್ರ ತಿರುಗುತ್ತಿತ್ತಂತೆ, ಆದರೆ ಅದು ರಥದ ಚಕ್ರವಲ್ಲ.

ಅಷ್ಟರಲ್ಲಿ ಅತ್ತೆ ಪುಟವನ್ನು ಇಪ್ಪತ್ತು ಸಲ ರಿಫ್ರೆಶ್ ಮಾಡಿದ್ದರು, ವೈಫೈ ಆರಿಸಿ ಹಚ್ಚಿದ್ದರು, ಕಂಪ್ಯೂಟರನ್ನೂ ಒಮ್ಮೆ ಆರಿಸಿ ಹಚ್ಚಿದ್ದರು. ಅದರಲ್ಲಿ ಯಾವುದೂ ಬೇಕಿರಲಿಲ್ಲ. ದೋಷ ಇದ್ದದ್ದು ಗುಡಿಯ ಅಂಗಳದಲ್ಲಿ. ಪ್ರಸಾರ ಮಾಡುತ್ತಿದ್ದ ಹುಡುಗ ಮೊಬೈಲ್ ಸಿಮ್ ನಂಬಿಕೊಂಡು ವಿಡಿಯೊ ಕಳಿಸುತ್ತಿದ್ದ, ಜಾತ್ರೆಗೆ ಬಂದವರ ಫೋನುಗಳೆಲ್ಲ ಅದೇ ಟವರಿಗೆ ಜೋತುಬಿದ್ದಿದ್ದವು. ಪುಣೆಯಲ್ಲಿ ಕೂತು ಏನು ಒತ್ತಿದರೂ ಅದು ಸರಿಹೋಗುವಂಥದ್ದಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪರಿಹಾರಕ್ಕಿಂತ ಮೊದಲು ಜಾಗ ಹುಡುಕುವ ಕೆಲಸ ಬರುತ್ತದೆ. ದೋಷ ಕಳಿಸುವವರಲ್ಲಿದೆಯೋ, ದಾರಿಯಲ್ಲಿದೆಯೋ, ನಿಮ್ಮ ಬ್ರೌಸರ್‌ನಲ್ಲಿದೆಯೋ? ಇದು ತಿಳಿದರೆ ಮುಂದಿನದು ಹತ್ತು ನಿಮಿಷದ ಕೆಲಸ.

ಬಿಸಿ ರೊಟ್ಟಿ, ಖಡಕ್ ರೊಟ್ಟಿ

"ಹಳೆಯ ವಿಡಿಯೊಗಳೆಲ್ಲ ಚೆನ್ನಾಗಿ ಓಡುತ್ತವೆ, ಲೈವ್ ಮಾತ್ರ ನಿಲ್ಲುತ್ತದೆ, ಹಾಗಾದರೆ ಇಂಟರ್ನೆಟ್ ಸರಿಯಾಗಿದೆ ಎಂದೇ ಅಲ್ಲವೇ?" ಎಂದು ಬಹಳ ಜನ ಕೇಳುತ್ತಾರೆ. ಅಲ್ಲ. ಮೊದಲೇ ಮುದ್ರಿಸಿಟ್ಟ ವಿಡಿಯೊ ಖಡಕ್ ರೊಟ್ಟಿ ಇದ್ದಂತೆ. ಬುಟ್ಟಿಯಲ್ಲಿ ಮೊದಲೇ ಪೇರಿಸಿಟ್ಟಿರುತ್ತದೆ, ಬ್ರೌಸರ್ ಒಂದೆರಡು ನಿಮಿಷಕ್ಕಾಗುವಷ್ಟನ್ನು ಒಮ್ಮೆಲೇ ತಂದಿಟ್ಟುಕೊಳ್ಳುತ್ತದೆ. ನಡುವೆ ಅರ್ಧ ನಿಮಿಷ ಸಿಗ್ನಲ್ ಹೋದರೂ ನಿಮಗೆ ಗೊತ್ತಾಗುವುದಿಲ್ಲ. ಲೈವ್ ಎಂದರೆ ಹಂಚಿನ ಮೇಲಿಂದ ನೇರವಾಗಿ ತಟ್ಟೆಗೆ ಬೀಳುವ ಬಿಸಿ ರೊಟ್ಟಿ. ಇನ್ನೂ ಬಡಿಯದ ರೊಟ್ಟಿಯನ್ನು ಮುಂಗಡ ತಂದಿಟ್ಟುಕೊಳ್ಳಲು ಬರುವುದಿಲ್ಲ.

ತಾಂತ್ರಿಕವಾಗಿ ನಡೆಯುವುದೂ ಇದೇ. ಕ್ಯಾಮೆರಾದಿಂದ ಬಂದ ವಿಡಿಯೊವನ್ನು ಸರ್ವರ್ ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸುತ್ತದೆ. ಎಚ್‌ಎಲ್‌ಎಸ್ ಎಂಬ ಪದ್ಧತಿಯನ್ನು 2009ರಲ್ಲಿ ಹೊರತಂದ ಆ್ಯಪಲ್ ಕಂಪನಿ ಈಗ ಶಿಫಾರಸು ಮಾಡುವ ತುಂಡಿನ ಉದ್ದ 6 ಸೆಕೆಂಡು. ಜೊತೆಗೆ ಒಂದು ಪಟ್ಟಿ ಇರುತ್ತದೆ: ಸದ್ಯಕ್ಕೆ ಇಂತಿಂಥ ತುಂಡುಗಳು ಸಿದ್ಧ ಎಂದು. ಬ್ರೌಸರ್ ಆ ಪಟ್ಟಿಯನ್ನು ಮತ್ತೆ ಮತ್ತೆ ತರಿಸಿ ನೋಡುತ್ತದೆ, ಹೊಸ ತುಂಡು ಬಂದಿದ್ದರೆ ಎಳೆದುಕೊಳ್ಳುತ್ತದೆ. ಪಟ್ಟಿ ಬರದಿದ್ದರೆ, ತುಂಡು ತಡವಾದರೆ, ಇಲ್ಲವೇ ಬಂದ ತುಂಡನ್ನು ಬಿಡಿಸಿ ಚಿತ್ರವಾಗಿಸಲು ಆಗದಿದ್ದರೆ ಚಕ್ರ ತಿರುಗುತ್ತದೆ. ಲೈವ್ ನಿಲ್ಲುವುದು ಹೆಚ್ಚಾಗಿ ಈ ಮೂರು ಕಾರಣಗಳಿಗೇ.

ಮೊದಲ ಹೆಜ್ಜೆ: ಒಂದು ನಿಮಿಷದ ಪರೀಕ್ಷೆ

ಏನನ್ನೂ ಬದಲಿಸುವ ಮೊದಲು ಅದೇ ಕೊಂಡಿಯನ್ನು ಮೊಬೈಲ್‌ನಲ್ಲಿ ತೆರೆಯಿರಿ. ಒಂದು ಎಚ್ಚರಿಕೆ: ಮೊಬೈಲ್‌ನ ವೈಫೈ ಆರಿಸಿರಬೇಕು. ಇಲ್ಲದಿದ್ದರೆ ಎರಡೂ ಒಂದೇ ದಾರಿಯಲ್ಲಿ ಹೋಗಿ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ.

ಅಲ್ಲಿಯೂ ಓಡದಿದ್ದರೆ ದೋಷ ಬಹುಮಟ್ಟಿಗೆ ಕಳಿಸುವವರದ್ದು. ಲೈವ್ ಚಾಟ್ ಇದ್ದರೆ ಕಣ್ಣಾಡಿಸಿ. "ಆಡಿಯೊ ಇಲ್ಲ", "ನಿಂತಿದೆ" ಎಂದು ಹತ್ತು ಜನ ಬರೆದಿದ್ದರೆ ನಿಮ್ಮ ಕೆಲಸ ಮುಗಿಯಿತು, ಚಹಾ ಕುಡಿದು ಬನ್ನಿ. ಮೊಬೈಲ್‌ನಲ್ಲಿ ಓಡಿತು ಎಂದಾದರೆ, ಈಗ ಅದೇ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರನ್ನು ಜೋಡಿಸಿ. ಓಡಿದರೆ ತಪ್ಪು ನಿಮ್ಮ ಮನೆಯ ಅಥವಾ ಕಚೇರಿಯ ಸಂಪರ್ಕದ್ದು. ಹಾಟ್‌ಸ್ಪಾಟ್‌ನಲ್ಲೂ ಓಡದಿದ್ದರೆ ಕಂಪ್ಯೂಟರ್ ಇಲ್ಲವೇ ಬ್ರೌಸರ್ ಕಡೆ ತಿರುಗಿ. ಈ ಎರಡು ಪ್ರಯೋಗ ಮಾಡದೆ ಯಾರಾದರೂ "ಕುಕೀಸ್ ಅಳಿಸಿ" ಎಂದು ಹೇಳಿದರೆ ಕೇಳಬೇಡಿ. ಕುಕೀ ಎಂದರೆ ನಿಮ್ಮ ಗುರುತು ಹಿಡಿಯಲು ತಾಣಗಳು ಬ್ರೌಸರ್‌ನಲ್ಲಿ ಬಿಟ್ಟಿರುವ ಚೀಟಿ. ಅಳಿಸಿದ ಮೇಲೆ ಎಲ್ಲ ತಾಣಗಳಿಗೂ ಹೊಸದಾಗಿ ಲಾಗಿನ್ ಆಗಬೇಕಾದವರು ನೀವೇ.

ಎರಡನೆಯ ಹೆಜ್ಜೆ: ದೋಷ ಸಂದೇಶವನ್ನು ಓದಿ

ಕೆಂಪು ಅಕ್ಷರ ಕಂಡ ಕೂಡಲೇ ಮುಚ್ಚಿಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಸಂಖ್ಯೆಯಲ್ಲಿ ಕೆಲವೊಮ್ಮೆ ಅರ್ಧ ಉತ್ತರ ಅಡಗಿರುತ್ತದೆ. 404 ಎಂದರೆ ಕೇಳಿದ ಕಡತ ಸರ್ವರ್‌ನಲ್ಲಿಲ್ಲ. ಪ್ರಸಾರ ಇನ್ನೂ ಆರಂಭವಾಗಿಲ್ಲ, ಮುಗಿದಿದೆ, ಅಥವಾ ಕೊಂಡಿ ಹಳೆಯದು. 403 ಎಂದರೆ ಕಡತ ಇದೆ, ನಿಮಗೆ ಕೊಡುವುದಿಲ್ಲ ಎಂದು. ಲಾಗಿನ್ ಅವಧಿ ಮುಗಿದಿರಬಹುದು, ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೆಡೆಯಿಂದ ಸುತ್ತಿಸಿ ತರುವ ಸೇವೆ) ಹಚ್ಚಿಕೊಂಡು ಬೇರೆ ದೇಶದವರಂತೆ ಕಾಣುತ್ತಿರಬಹುದು. 500ರಿಂದ ಮೇಲಿನ ಸಂಖ್ಯೆಗಳು ಸರ್ವರ್‌ನವರ ಸಂಕಟ, ಕಾಯುವುದಷ್ಟೇ ದಾರಿ.

ಬ್ರೌಸರ್‌ನ ವಿಡಿಯೊ ವ್ಯವಸ್ಥೆಗೆ ತನ್ನದೇ ನಾಲ್ಕು ಸಂಖ್ಯೆಗಳಿವೆ: 1 ಎಂದರೆ ತರುವುದನ್ನು ನಡುವೆಯೇ ಕೈಬಿಡಲಾಯಿತು, 2 ನೆಟ್‌ವರ್ಕ್ ತೊಂದರೆ, 3 ಬಂದ ವಿಡಿಯೊವನ್ನು ಬಿಡಿಸಲಾಗಲಿಲ್ಲ, 4 ಈ ಬಗೆಯ ವಿಡಿಯೊ ನನಗೆ ಬಾರದು. ಜೆಡಬ್ಲ್ಯೂ ಪ್ಲೇಯರ್ ಎಂಬ ವಿಡಿಯೊ ಓಡಿಸುವ ತಂತ್ರಾಂಶ ಬಳಸುವ ತಾಣಗಳಲ್ಲಿ ಕಾಣುವ 224003 ಎಂಬ ದೊಡ್ಡ ಸಂಖ್ಯೆಯ ಬಾಲದಲ್ಲಿರುವುದು ಇದೇ 3. ಹಾಗೆಯೇ 232404 ಬಂದರೆ ಕೊನೆಯ ಮೂರು ಅಂಕಿಗಳನ್ನು ಓದಿ, 404 ಸಿಕ್ಕಿತು. 4ನ್ನು ಮಾತ್ರ ಪೂರ್ತಿ ನಂಬಬೇಡಿ. ಕಡತವೇ ಸಿಗದಿದ್ದರೂ ಬ್ರೌಸರ್ ಕೆಲವೊಮ್ಮೆ "ನನಗೆ ಬಾರದು" ಎಂದು 4ನ್ನೇ ತೋರಿಸಿ ಜಾರಿಕೊಳ್ಳುತ್ತದೆ.

ಸಂಖ್ಯೆ ಏನೂ ಕಾಣದೆ ಬರೀ ಚಕ್ರ ತಿರುಗುತ್ತಿದ್ದರೆ ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಎಫ್12 ಒತ್ತಿ, ತೆರೆಯುವ ಫಲಕದಲ್ಲಿ ನೆಟ್‌ವರ್ಕ್ ಎಂಬ ಭಾಗಕ್ಕೆ ಹೋಗಿ, ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ ಸುಮ್ಮನೆ ನೋಡುತ್ತಿರಿ. ಪ್ರಸಾರ ಸರಿಯಾಗಿದ್ದರೆ ಕೆಲವು ಸೆಕೆಂಡಿಗೊಮ್ಮೆ ಹೊಸ ಸಾಲು ಬಂದು ಸೇರುತ್ತಿರುತ್ತದೆ, ಪಕ್ಕದಲ್ಲಿ 200 ಎಂದಿರುತ್ತದೆ. ಸಾಲುಗಳು ಬರುವುದೇ ನಿಂತಿದ್ದರೆ ಅಥವಾ ಕೆಂಪಾಗಿದ್ದರೆ ದಾರಿ ಇಲ್ಲವೇ ಸರ್ವರ್ ಕಡೆ ನೋಡಿ. ಎಲ್ಲವೂ 200 ಆಗಿದ್ದು ಚಿತ್ರ ಮಾತ್ರ ಇಲ್ಲವೆಂದರೆ ರೊಟ್ಟಿ ತಟ್ಟೆಗೆ ಬಂದಿದೆ, ತಿನ್ನುವವನಿಗೆ ಹಲ್ಲಿಲ್ಲ: ತಪ್ಪು ನಿಮ್ಮ ಯಂತ್ರದ್ದು.

ಮೂರನೆಯ ಹೆಜ್ಜೆ: ಬ್ರೌಸರ್

ಮೊದಲು ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಖಾಸಗಿ ಕಿಟಕಿ ತೆರೆಯುತ್ತದೆ (ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ). ಅಲ್ಲಿ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ನೀವು ಸೇರಿಸಿಕೊಂಡ ಚಿಕ್ಕ ತಂತ್ರಾಂಶಗಳು, ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಹಳೆಯ ಕುಕೀಗಳೂ ಇರುವುದಿಲ್ಲ. ಲೈವ್ ಅಲ್ಲಿ ಓಡಿದರೆ ಕಳ್ಳ ಯಾರೆಂದು ಹೆಚ್ಚು ಹುಡುಕಬೇಕಾಗಿಲ್ಲ. ನಾನು ಕಂಡ ಮಟ್ಟಿಗೆ ಹತ್ತರಲ್ಲಿ ಆರು ಸಲ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ನೇ. ಅದು ಜಾಹೀರಾತಿನ ಜೊತೆ ಪಟ್ಟಿಯ ಕಡತವನ್ನೂ ತಡೆದಿರುತ್ತದೆ. ಆ ಒಂದು ತಾಣಕ್ಕೆ ಅದನ್ನು ಆರಿಸಿದರೆ ಸಾಕು. ಉಳಿದಂತೆ ಆ ತಾಣದ ಕುಕೀ ಮತ್ತು ಕ್ಯಾಶ್ (ಬ್ರೌಸರ್ ಹಿಂದೆ ತಂದಿಟ್ಟುಕೊಂಡ ಕಡತಗಳು) ಮಾತ್ರ ಅಳಿಸಿ: ವಿಳಾಸದ ಎಡಕ್ಕಿರುವ ಚಿಹ್ನೆಯನ್ನು ಒತ್ತಿದರೆ ಆ ತಾಣದ ಸೆಟ್ಟಿಂಗ್ಸ್ ಸಿಗುತ್ತದೆ.

ಬೇರೊಬ್ಬರ ತಾಣದೊಳಗೆ ಕೂರಿಸಿದ ಯೂಟ್ಯೂಬ್ ಪೆಟ್ಟಿಗೆ ಕೆಲಸ ಮಾಡದಿದ್ದರೆ ಅದರೊಂದಿಗೆ ಗುದ್ದಾಡಬೇಡಿ, ನೇರ ಯೂಟ್ಯೂಬ್‌ನಲ್ಲಿ ತೆರೆಯಿರಿ. ಚಿತ್ರವಿದ್ದು ಧ್ವನಿಯಿಲ್ಲವೆಂದರೆ ಬ್ರೌಸರ್ ತಾನಾಗಿ ಓಡುವ ವಿಡಿಯೊದ ಬಾಯಿ ಮುಚ್ಚಿರುತ್ತದೆ. ಪ್ಲೇಯರ್‌ನ ಧ್ವನಿ ಚಿಹ್ನೆ ಒತ್ತಿ.

ಇದಕ್ಕೆ ತಿರುಗುಮುರುಗಾದ ದೋಷ ಇನ್ನೂ ಸ್ವಾರಸ್ಯದ್ದು. ಹೈಕೋರ್ಟಿನ ಕಲಬುರಗಿ ಪೀಠದ ಕಲಾಪವನ್ನು ಯೂಟ್ಯೂಬ್‌ನಲ್ಲಿ ನೋಡುತ್ತಿದ್ದ ಕಿರಿಯ ವಕೀಲ ಗೆಳೆಯನೊಬ್ಬ, "ವಾದ ಕೇಳಿಸುತ್ತಿದೆ, ನ್ಯಾಯಮೂರ್ತಿಗಳು ಕಾಣುತ್ತಿಲ್ಲ" ಎಂದ. ಪರದೆ ಕಪ್ಪು, ಕೆಲವೊಮ್ಮೆ ಹಸಿರು ಪಟ್ಟಿ. ಇದು ಗ್ರಾಫಿಕ್ಸ್ ಚಿಪ್ ಮತ್ತು ಬ್ರೌಸರ್ ನಡುವಿನ ಮನಸ್ತಾಪ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಶನ್ ಬಳಸುವ ಗುಂಡಿ ಇದೆ. ಅದನ್ನು ಆರಿಸಿ ಬ್ರೌಸರನ್ನು ಮತ್ತೆ ತೆರೆದೆವು, ನ್ಯಾಯಾಲಯ ಕಂಡಿತು. ಆದರೆ ಅಲ್ಲಿಗೇ ಬಿಡಬೇಡಿ. ಈ ಗುಂಡಿ ಆರಿದರೆ ವಿಡಿಯೊ ಬಿಡಿಸುವ ಹೊರೆ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಗುಂಡಿಯನ್ನು ಮತ್ತೆ ಹಚ್ಚಿ ನೋಡಿ.

ಗಡಿಯಾರದ ಕಥೆ

ಅತ್ತೆಯ ಲ್ಯಾಪ್‌ಟಾಪ್ ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ತಕರಾರು ತೆಗೆಯಿತು. ಈ ಸಲ ತಪ್ಪು ನಿಜಕ್ಕೂ ಅದರದ್ದೇ. ಒಂದು ತಾಣದಲ್ಲಿ ಬರುವ ಸಂಜೆಯ ಪ್ರವಚನದ ಲೈವ್ ಮಾತ್ರ 404 ಎನ್ನುತ್ತಿತ್ತು, ಅದೇ ತಾಣದ ಹಳೆಯ ಪ್ರವಚನಗಳು ಸರಾಗ. ಮೊಬೈಲ್‌ನಲ್ಲಿ ಲೈವ್ ಓಡುತ್ತಿತ್ತು. ಹಾಟ್‌ಸ್ಪಾಟ್, ಖಾಸಗಿ ಕಿಟಕಿ, ಬೇರೆ ಬ್ರೌಸರ್ ಎಲ್ಲ ಆಯಿತು. ನಾನು ಸೋತು, ಅವರ ಪರದೆಯನ್ನು ದೂರದಿಂದ ನೋಡುತ್ತ ಕೂತಾಗ ಮೂಲೆಯ ಗಡಿಯಾರ ಕಣ್ಣಿಗೆ ಬಿದ್ದಿತು. ಸಮಯ ಸರಿಯಾಗಿಯೇ ಇತ್ತು. ಅದೇ ನನ್ನನ್ನು ದಾರಿ ತಪ್ಪಿಸಿದ್ದು.

ಸ್ವಲ್ಪ ದಿನದ ಹಿಂದೆ ಅಂಗಡಿಯೊಂದರಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿದ್ದರು. ಹಾಕಿದವನು ಕಾಲವಲಯವನ್ನು (ಟೈಮ್ ಝೋನ್) ಅಮೆರಿಕದ ಪಶ್ಚಿಮ ಕರಾವಳಿಯದ್ದಾಗಿಯೇ ಬಿಟ್ಟು, ಮುಳ್ಳನ್ನು ಮಾತ್ರ ಕೈಯಿಂದ ತಿರುಗಿಸಿ ನಮ್ಮ ಸಮಯಕ್ಕೆ ತಂದಿಟ್ಟಿದ್ದ. ನೋಡುವವರಿಗೆ ಸಂಜೆ 6 ಗಂಟೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕ್ಯಾಲಿಫೋರ್ನಿಯಾದ ಸಂಜೆ 6, ಅಂದರೆ ಲೋಕದ ನಿಜವಾದ ಸಮಯಕ್ಕಿಂತ ಹನ್ನೆರಡೂವರೆ ಗಂಟೆ ಮುಂದೆ. ಡ್ಯಾಶ್ ಎಂಬ ಪದ್ಧತಿಯಲ್ಲಿ ಬರುವ ಕೆಲವು ಲೈವ್‌ಗಳಲ್ಲಿ ಪ್ಲೇಯರ್ ಪಟ್ಟಿಯನ್ನು ಕಾಯುವುದಿಲ್ಲ. ತನ್ನ ಗಡಿಯಾರ ನೋಡಿ "ಈಗ ಇಷ್ಟನೆಯ ತುಂಡು ಸಿದ್ಧವಾಗಿರಬೇಕು" ಎಂದು ಲೆಕ್ಕ ಹಾಕಿ ಅದನ್ನೇ ಕೇಳುತ್ತದೆ. ಅತ್ತೆಯ ಲ್ಯಾಪ್‌ಟಾಪ್ ಮರುದಿನ ಬೆಳಗಿನ ರೊಟ್ಟಿಯನ್ನು ಇವತ್ತು ಸಂಜೆ ಕೇಳುತ್ತಿತ್ತು. ಸರ್ವರ್ ಇಲ್ಲ ಎನ್ನದೆ ಇನ್ನೇನು ಹೇಳೀತು?

ಪರಿಹಾರ ಇಷ್ಟೇ: ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆ, ಅದರೊಳಗೆ ದಿನಾಂಕ ಮತ್ತು ಸಮಯ. ಕಾಲವಲಯ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರಬೇಕು, ಮುಂದೆ 5:30 ಎಂದಿರುತ್ತದೆ. ಆಮೇಲೆ ಸಿಂಕ್ ನೌ ಒತ್ತಿ. ಹಳೆಯ ಮೇಜಿನ ಕಂಪ್ಯೂಟರುಗಳಲ್ಲಿ ಇದೇ ತೊಂದರೆ ಇನ್ನೊಂದು ವೇಷದಲ್ಲಿ ಬರುತ್ತದೆ. ಒಳಗಿನ ಬಟನ್ ಸೆಲ್ ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಲೈವ್ ಒಂದೇ ಅಲ್ಲ, ಅರ್ಧ ಇಂಟರ್ನೆಟ್ಟೇ "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಎನ್ನುತ್ತದೆ, ಏಕೆಂದರೆ ಅಷ್ಟು ಹಿಂದಿನ ದಿನಾಂಕಕ್ಕೆ ತಾಣಗಳ ಪ್ರಮಾಣಪತ್ರಗಳು ಹುಟ್ಟಿಯೇ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಸಾಮಾನ್ಯವಾಗಿ ಸಿಆರ್2032 ಎಂಬ ನಾಣ್ಯದಂಥ ಸೆಲ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ದಾರಿ

ಹಾಟ್‌ಸ್ಪಾಟ್ ಪರೀಕ್ಷೆಯಲ್ಲಿ ಮನೆಯ ಸಂಪರ್ಕವೇ ತಪ್ಪಿತಸ್ಥ ಎಂದು ಗೊತ್ತಾಗಿದ್ದರೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ರೂಟರ್ ಪಕ್ಕಕ್ಕೆ ಹೋಗಿ ಕೂತು ನೋಡಿ. ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ದಪ್ಪ ಕಲ್ಲಿನದ್ದು. ಬೇಸಿಗೆಯಲ್ಲಿ ಅದು ಪುಣ್ಯ, ವೈಫೈಗೆ ಮಾತ್ರ ಪಾಪ. ರೂಟರ್‌ನಲ್ಲಿ ಎರಡು ಹೆಸರು ಕಾಣುತ್ತಿದ್ದರೆ 5 ಗಿಗಾಹರ್ಟ್ಸ್‌ನದ್ದು ವೇಗದ್ದು, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಎರಡು ಕೋಣೆ ಆಚೆ ಕೂತವರು 2.4 ಗಿಗಾಹರ್ಟ್ಸ್‌ನದ್ದಕ್ಕೆ ಜೋಡಿಸಿಕೊಳ್ಳಿ. ತಂತಿ ಹಾಕುವ ಅವಕಾಶವಿದ್ದರೆ ಅದನ್ನು ಮೀರಿದ್ದಿಲ್ಲ.

ಎಷ್ಟು ವೇಗ ಬೇಕು? ಯೂಟ್ಯೂಬ್ ಹೇಳುವ ಪ್ರಕಾರ 360ಪಿ ಚಿತ್ರಕ್ಕೆ ಸೆಕೆಂಡಿಗೆ 0.7 ಮೆಗಾಬಿಟ್, 480ಪಿಗೆ 1.1, 720ಪಿಗೆ 2.5, 1080ಪಿಗೆ 5. ಈ ವೇಗ ಎಡೆಬಿಡದೆ ಇರಬೇಕು ಎನ್ನುವುದೇ ಮುಖ್ಯ. ಸ್ಪೀಡ್ ಟೆಸ್ಟ್‌ನಲ್ಲಿ ಒಂದು ಕ್ಷಣ 40 ತೋರಿಸಿ ಮರುಕ್ಷಣ ಸೊನ್ನೆಗಿಳಿಯುವ ಸಂಪರ್ಕಕ್ಕಿಂತ ಬಿಡದೆ 3 ಕೊಡುವ ಸಂಪರ್ಕ ಲೈವ್‌ಗೆ ಒಳ್ಳೆಯದು.

ಮೊಬೈಲ್ ಡೇಟಾದಲ್ಲಿ ನೋಡುವವರು ಒಂದು ಲೆಕ್ಕ ಇಟ್ಟುಕೊಳ್ಳಿ. ಸೆಕೆಂಡಿಗೆ 2.5 ಮೆಗಾಬಿಟ್ ಎಂದರೆ ಗಂಟೆಗೆ ಸುಮಾರು 1.1 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್ ಇದ್ದರೆ 720ಪಿಯಲ್ಲಿ 80 ನಿಮಿಷಕ್ಕೆ ಖಾಲಿ. ಆಮೇಲೆ ಬಹಳಷ್ಟು ಪ್ಲಾನ್‌ಗಳಲ್ಲಿ ವೇಗ 64 ಕಿಲೋಬಿಟ್‌ಗೆ ಇಳಿಯುತ್ತದೆ. ಅದು 360ಪಿಗೆ ಬೇಕಾದದ್ದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಮೆಸೇಜು ಹೋಗುತ್ತದೆ, ಸಿಗ್ನಲ್ ಪೂರ್ತಿ ಇದೆ, ಲೈವ್ ಮಾತ್ರ ನಿಂತಿದೆ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಉಳಿದ ಡೇಟಾ ಎಷ್ಟೆಂದು ನೋಡಲಿ. ಕ್ರಿಕೆಟ್ ಪಂದ್ಯದ ಕೊನೆಯ ಓವರುಗಳಲ್ಲಿ ಈ ಅನ್ಯಾಯ ತಪ್ಪದೆ ಆಗುತ್ತದೆ. ಮೊದಲಿನಿಂದಲೇ 360ಪಿಗೆ ಇಳಿಸಿಟ್ಟರೆ ಅದೇ ಡೇಟಾದಲ್ಲಿ ನಾಲ್ಕೂವರೆ ಗಂಟೆ ಬರುತ್ತದೆ.

ಹಳೆಯ ಯಂತ್ರ, ಮೇ ತಿಂಗಳು

ವೇಗ ಸಾಕಷ್ಟಿದ್ದೂ ಚಿತ್ರ ತಡವರಿಸಿದರೆ ಯೂಟ್ಯೂಬ್ ವಿಡಿಯೊದ ಮೇಲೆ ಮೌಸಿನ ಬಲಗುಂಡಿ ಒತ್ತಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆಯಿರಿ. ಬಫರ್ ಹೆಲ್ತ್ ಎಂಬಲ್ಲಿ ತಟ್ಟೆಯಲ್ಲಿ ಎಷ್ಟು ಸೆಕೆಂಡಿನ ರೊಟ್ಟಿ ಉಳಿದಿದೆ ಎಂದು ಕಾಣುತ್ತದೆ. ಅದು ಪದೇ ಪದೇ ಸೊನ್ನೆಗೆ ಬಂದರೆ ದಾರಿಯ ತಪ್ಪು. ಅದು ಚೆನ್ನಾಗಿದ್ದು ಡ್ರಾಪ್ಡ್ ಫ್ರೇಮ್ಸ್ (ತೋರಿಸಲಾಗದೆ ಬಿಟ್ಟ ಚಿತ್ರಗಳು) ಸಂಖ್ಯೆ ಏರುತ್ತಲೇ ಇದ್ದರೆ ಯಂತ್ರಕ್ಕೆ ಉಸಿರು ಸಾಲುತ್ತಿಲ್ಲ. ಕೋಡೆಕ್ಸ್ (ವಿಡಿಯೊವನ್ನು ಅಡಕಗೊಳಿಸುವ ಬಗೆ) ಎಂಬ ಸಾಲಿನಲ್ಲಿ ವಿಪಿ9 ಅಥವಾ ಎವಿ1 ಎಂದಿದೆಯೇ ನೋಡಿ. ವಿಪಿ9ನ್ನು ಚಿಪ್‌ನಲ್ಲೇ ಪೂರ್ತಿ ಬಿಡಿಸುವ ಸಾಮರ್ಥ್ಯ ಇಂಟೆಲ್‌ಗೆ ಬಂದದ್ದು 7ನೆಯ ಪೀಳಿಗೆಯಲ್ಲಿ, ಎವಿ1ಗೆ 11ನೆಯ ಪೀಳಿಗೆಯಲ್ಲಿ. ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್ ಇದನ್ನೆಲ್ಲ ತನ್ನ ಬೆವರು ಸುರಿಸಿಯೇ ಮಾಡಬೇಕು. 42 ಡಿಗ್ರಿ ದಾಟುವ ನಮ್ಮ ಮೇ ಮಧ್ಯಾಹ್ನಗಳಲ್ಲಿ ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟು ನೋಡಬೇಡಿ, ಗಾಳಿಕಿಂಡಿಯ ಧೂಳು ತೆಗೆಸಿ, 480ಪಿಗೆ ಇಳಿಸಿ. ಯೂಟ್ಯೂಬನ್ನು ಹಳೆಯ ಎಚ್264 ಬಗೆಗೆ ಒತ್ತಾಯಿಸುವ ಚಿಕ್ಕ ಎಕ್ಸ್‌ಟೆನ್ಶನ್‌ಗಳೂ ಇವೆ, ಹಳೆಯ ಯಂತ್ರಗಳಿಗೆ ಅವು ವರ.

ವಿಂಡೋಸ್ 7 ಇನ್ನೂ ಇಟ್ಟುಕೊಂಡವರಿಗೆ ಕ್ರೋಮ್ 109ನೆಯ ಆವೃತ್ತಿಗೇ ನಿಂತಿದೆ, 2023ರ ಆರಂಭದಿಂದ ಹೊಸದು ಬಂದಿಲ್ಲ. ಕೆಲವು ಪ್ಲೇಯರ್‌ಗಳು ಅದರಲ್ಲಿ ಓಡದಿದ್ದರೆ ಆಶ್ಚರ್ಯವಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. "ಈ ಲೈವ್ ನೋಡಲು ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿ", "ಕೋಡೆಕ್ ಡೌನ್‌ಲೋಡ್ ಮಾಡಿ" ಎಂದು ಯಾವ ತಾಣ ಕೇಳಿದರೂ ಆ ಕಿಟಕಿಯನ್ನೇ ಮುಚ್ಚಿ. ಫ್ಲ್ಯಾಶ್‌ಗೆ ಅದರ ತಯಾರಕರೇ 2020ರ ಡಿಸೆಂಬರ್ 31ರಂದು ಮಂಗಳ ಹಾಡಿದ್ದಾರೆ. ಆ ಹೆಸರಿನಲ್ಲಿ ಈಗ ಬರುವುದೆಲ್ಲ ನಿಮ್ಮ ಕಂಪ್ಯೂಟರಿನೊಳಗೆ ನುಗ್ಗಲು ಹಾಕಿದ ಗಾಳ.

ದೋಷವಲ್ಲದ ದೋಷಗಳು

ಲೈವ್ ನಿಲ್ಲಿಸಿ ಊಟ ಮಾಡಿ ಬಂದು ಮತ್ತೆ ಒತ್ತಿದರೆ ಚಿಕ್ಕ ತಾಣಗಳಲ್ಲಿ ದೋಷ ಬರುತ್ತದೆ. ನೀವು ಬಿಟ್ಟ ಜಾಗದ ತುಂಡುಗಳನ್ನು ಸರ್ವರ್ ಅಷ್ಟರಲ್ಲಿ ಅಳಿಸಿರುತ್ತದೆ. ರಿಫ್ರೆಶ್ ಮಾಡಿದರೆ ಈಗಿನದ್ದು ಸಿಗುತ್ತದೆ. ಯೂಟ್ಯೂಬ್‌ನಲ್ಲಿ ಲೈವ್ ಎಂಬ ಪದದ ಪಕ್ಕದ ಕೆಂಪು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿದ್ದರೆ ನೀವು ಹಿಂದೆ ಉಳಿದಿದ್ದೀರಿ ಎಂದರ್ಥ, ಅದನ್ನೇ ಒತ್ತಿ.

ಇನ್ನು ತಡ. ಪ್ಲೇಯರ್ ಸಾಮಾನ್ಯವಾಗಿ ಮೂರು ತುಂಡು ಹಿಂದಿನಿಂದ ಆರಂಭಿಸುತ್ತದೆ. 6 ಸೆಕೆಂಡಿನ ತುಂಡಾದರೆ ಅಲ್ಲಿಗೇ 18 ಸೆಕೆಂಡು, ಕ್ಯಾಮೆರಾದಿಂದ ಸರ್ವರ್‌ಗೆ ಹೋಗುವ ಹೊತ್ತು ಬೇರೆ. ಅರ್ಧ ನಿಮಿಷದ ಹಿನ್ನಡೆ ಲೈವ್‌ನಲ್ಲಿ ಸಹಜ, ಅದನ್ನು ಸರಿಪಡಿಸಲು ಹೋಗಿ ಬಫರ್ ಕಳೆದುಕೊಳ್ಳಬೇಡಿ. ಈಚೆಗೆ ರಥೋತ್ಸವದ ದಿನ ಮಾಳಿಗೆಯಿಂದ ಅತ್ತೆಗೆ ಕರೆ ಮಾಡಿದ್ದೆ. ಶರಣಬಸವೇಶ್ವರರದ್ದೆಂದು ಭಕ್ತರಿಗೆ ತೋರಿಸುವ ಪರುಷ ಬಟ್ಟಲನ್ನು ಹೊರತಂದು ತೋರಿಸಿದ ಕ್ಷಣದ ಜನರ ಕೂಗು ಫೋನಿನಲ್ಲಿ ಅವರಿಗೆ ಕೇಳಿಸಿತು, ಅವರ ಪರದೆಯ ಮೇಲೆ ಇನ್ನೂ ಬಟ್ಟಲು ಹೊರಗೆ ಬಂದಿರಲಿಲ್ಲ. "ಫೋನ್ ಇಡಪ್ಪಾ, ನನಗಿನ್ನೂ ಆಗಿಲ್ಲ" ಎಂದು ಕರೆ ಕಡಿದರು.